ಖಾಲಿ ಬಿಡಬಾರದ ಜಾಗ

ಮೇಲಿನ ಊರಿಗೆ ಒಂದು ದೊಡ್ಡ ದೇಶ ಬಂದೂಕಿನ ಜೊತೆಗೆ ಆಸ್ಪತ್ರೆ ಕೊಟ್ಟಿತ್ತು. ಕೆಳಗಿನ ಊರಿಗೆ ಅದರ ಎದುರಾಳಿ ದೇಶ ಬಂದೂಕಿನ ಜೊತೆಗೆ ಕರೆಂಟು ಕೊಟ್ಟಿತ್ತು. ಎರಡೂ ಊರಿನವರು ದಿನಾ ಹೊಡೆದಾಡಿ ಸಾಯುತ್ತಿದ್ದರು. ಆದರೂ ನಡುವಿನ ಊರಿನ ಮುಖಂಡನಿಗೆ ಹೊಟ್ಟೆ ಉರಿಯುತ್ತಿತ್ತು. ಕೆಳಗಿನವರ ಮನೆಯಲ್ಲಿ ಫ್ಯಾನು ತಿರುಗುತ್ತದೆ, ತನ್ನ ಮನೆಯಲ್ಲಿ ಇನ್ನೂ ಬುಡ್ಡಿದೀಪ!

ತಡೆಯಲಾರದೆ ಮೇಲಿನ ಊರಿನಲ್ಲಿದ್ದ ವಿದೇಶಿ ಅಧಿಕಾರಿಯ ಹತ್ತಿರ ಹೋದ.

"ನಾವೇನು ಪಾಪ ಮಾಡಿದ್ದೀವಿ ಸಾಹೇಬ್ರೇ? ನಮಗೂ ಏನಾದರೂ ಕೊಡಿ."

ಅಧಿಕಾರಿ ಅರ್ಜಿ ಫಾರಂ ತೆಗೆದರು. "ನಿಮ್ಮ ಶತ್ರು ಯಾರು?"

"ಯಾರೂ ಇಲ್ಲ."

"ಆ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗೋದಿಲ್ಲ."

ಎರಡು ದಿನ ಊಟ ಬಿಟ್ಟು ಯೋಚಿಸಿದ. ಕಡೆಗೆ ಪಕ್ಕದ ಮನೆಯಲ್ಲಿದ್ದ ತನ್ನ ತಮ್ಮನ ಮೇಲೆ ಕಣ್ಣು ಬಿತ್ತು. ಬೇಲಿ ವಿಷಯಕ್ಕೆ ಎಂದೋ ಒಮ್ಮೆ ಮಾತು ಬಿಟ್ಟಿದ್ದರು. ಆಮೇಲೆ ಒಂದೇ ತಟ್ಟೆಯಲ್ಲಿ ರೊಟ್ಟಿ ತಿಂದಿದ್ದರು, ನಿಜ. ಆದರೆ ಅವನ ಹಸು ಇವನದಕ್ಕಿಂತ ಜಾಸ್ತಿ ಹಾಲು ಕೊಡುತ್ತಿತ್ತಲ್ಲ!

ಮರುದಿನ ಬೆಳಗ್ಗೆಯೇ ಓಡಿದ. "ಬರಕೊಳ್ಳಿ ಸಾಹೇಬ್ರೇ. ನನ್ನ ಒಡಹುಟ್ಟಿದ ತಮ್ಮ."

ಹೆಸರು ಕೇಳಿ ಅಧಿಕಾರಿಯ ಮುಖ ಅರಳಿತು.

"ಒಳ್ಳೇದೇ ಆಯ್ತು. ಅವರು ನಿನ್ನೆಯೇ ಕೆಳಗಿನ ಊರಿನ ಅಧಿಕಾರಿಯ ಹತ್ತಿರ ನಿಮ್ಮ ಹೆಸರು ಬರೆಸಿ, ಬಂದೂಕು ತಗೊಂಡು ಹೋಗಿದ್ದಾರೆ."