ಅರ್ಧ ದಾರ

ಬೆಳಕಿಂಡಿಯಿಂದ ಇಳಿದ ಬಿಸಿಲು ಬಾಗಿದ ಒಂದು ಕೊರಳಿನ ಮೇಲೆ ನಿಂತಿತ್ತು. ಬಿಗಿಯಾಗಿ ಹೆಣೆದ ಸಣ್ಣ ಜಡೆಗಳು ಎರಡು ಬದಿಗೆ ಸರಿದು, ನಡುವೆ ಹುರಿಗೊಳಿಸಿದ ನೀಲಿ ನೂಲಿನ ದಾರವೊಂದು ಕಾಣುತ್ತಿತ್ತು. ಎದುರಿಗೆ ನೆಲದ ಮೇಲೆ ಮಣ್ಣಿನ ಗಡಿಗೆ. ಅದರ ಬಾಯಿಗೆ ಮೆತ್ತಿದ ಸಗಣಿ ಒಣಗಿ ಬಿರುಕುಬಿಟ್ಟಿತ್ತು. ಬಿಸಿಲಿನ ಕೋಲಿನೊಳಗೆ ಧೂಳಿನ ಕಣಗಳಷ್ಟೇ ಚಲಿಸುತ್ತಿದ್ದವು, ಅವೂ ಅವಸರವಿಲ್ಲದೆ.

ಕೊರಳು ಸೆಬ್ಲೆಯದು. ಇಥಿಯೋಪಿಯಾದಿಂದ ಬಂದು ಧಾರವಾಡದಲ್ಲಿ ಕೃಷಿ ಓದುತ್ತಲೇ ಇಲ್ಲಿಯ ಮಾತನ್ನೂ ಕಲಿತ ಹುಡುಗಿ. ಗಡಿಗೆ ಮೋರಟಗಿಯ ಲಕ್ಕವ್ವನದು. ಪಂಚಮಿಗೆ ಹುರಿದರೆ ಮಲ್ಲಿಗೆಯಂತೆ ಬಿರಿಯುವ ಅಳ್ಳಿನ ಜೋಳದ ಬೀಜ ಅದರೊಳಗಿತ್ತು. ಸುತ್ತಣ ಊರುಗಳಲ್ಲಿ ಅದನ್ನು ಬಿತ್ತುವವರು ಇನ್ನಾರೂ ಉಳಿದಿರಲಿಲ್ಲ. ಸೆಬ್ಲೆಗೆ ಬೇಕಾದದ್ದು ಒಂದೇ ಬೊಗಸೆ. ಅವಳೂರಿನಲ್ಲೂ ಹೀಗೆ ಅರಳುವ ಜೋಳವಿತ್ತಂತೆ. ಮನೆಗೆ ಬಂದವರಿಗೆ ಕಾಫಿಯ ಜೊತೆ ಹುರಿದು ಕೊಡುತ್ತಿದ್ದರಂತೆ. ಅಲ್ಲಿ ಯುದ್ಧ ನಡೆದ ಎರಡು ವರ್ಷ ಊರವರು ಬಿತ್ತನೆಯ ಬೀಜವನ್ನೇ ತಿಂದು ಜೀವ ಹಿಡಿದರು. ಅಪ್ಪನ ಹೊಲದಲ್ಲಿ ಮತ್ತೊಮ್ಮೆ ಅಂಥ ತೆನೆ ನಿಲ್ಲಿಸಬೇಕು. ಅವಳು ಓದುತ್ತಿರುವುದೇ ಅದಕ್ಕಾಗಿ.

ಲಕ್ಕವ್ವನ ಅತ್ತೆ ಸಾಯುವಾಗ ಒಂದು ಮಾತು ತೆಗೆದುಕೊಂಡಿದ್ದಳು: ಕೊರಳಲ್ಲಿ ದಾರವಿದ್ದವರ ಉಡಿಗಲ್ಲದೆ ಈ ಬೀಜ ಹೊಸ್ತಿಲು ದಾಟಬಾರದು. ಹುಡುಗಿಯ ಕೊರಳಿನ ದಾರವನ್ನು ಲಕ್ಕವ್ವ ಮೊದಲ ದಿನವೇ ಕಂಡಿದ್ದಳು. ಲಿಂಗ ಕಟ್ಟುವ ಶಿವದಾರವೆಂದುಕೊಂಡು ನಿಶ್ಚಿಂತಳಾಗಿ, ಐದು ದಿನ ತನ್ನ ಒಲೆಯ ಮುಂದೆಯೇ ಕೂಡಿಸಿ ಉಣ್ಣಿಸಿದ್ದಳು. ಬುಧವಾರ ಆ ಹುಡುಗಿ ಉಪವಾಸವೆಂದು ಮಧ್ಯಾಹ್ನದವರೆಗೆ ಬಾಯಿಗೆ ಏನೂ ಹಾಕದೆ, ಆಮೇಲೂ ಮಜ್ಜಿಗೆಯನ್ನು ಒಲ್ಲೆನೆಂದಾಗ, ಗಂಡ ರಾಚಪ್ಪ, ಮಠಕ್ಕೆ ಇನ್ನು ಮೇಲೆ ನಿನ್ನ ಬದಲು ಇವಳನ್ನೇ ಕರೆದೊಯ್ಯುತ್ತೇನೆಂದು ಹೆಂಡತಿಯನ್ನು ಕೆಣಕಿದ್ದ.

ಇಂದು ನಾಲ್ಕರ ಬಸ್ಸಿಗೆ ಅವಳು ಸಿಂದಗಿಗೆ ಹೊರಡಬೇಕು. ಲಕ್ಕವ್ವ ಸಗಣಿಯ ಮುಚ್ಚಳ ಒಡೆದಳು. ಬೀಜವನ್ನು ಮೊರಕ್ಕೆ ಸುರಿದು, ಹುಳು ಹಿಡಿಯದಂತೆ ಬೆರೆಸಿದ್ದ ಬೂದಿ ಕೇರಿದಳು. ಸೆಬ್ಲೆ ಓಢಣಿ ಚಾಚಿದಳು. ಐದು ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆಯನ್ನು ಮುದುಕಿ ಆಗ ಕೇಳಿದಳು.

"ಯಾವ ಮಠದ ಅಯ್ಯನೋರು ಕಟ್ಯಾರ ತಂಗಿ? ದಾರ ಕಾಣಸ್ತೈತಿ, ಲಿಂಗದ ಕರಡಿಗಿ ಕಾಣವಲ್ದು."

ಹೂಂ ಎಂದಿದ್ದರೆ, ಯಾವುದೋ ಒಂದು ಮಠದ ಹೆಸರು ಹೇಳಿದ್ದರೆ ಸಾಕಿತ್ತು. ಅತ್ತೆಯ ಮಾತನ್ನು ಸೆಬ್ಲೆ ಎರಡನೆಯ ದಿನವೇ ತನ್ನ ವಹಿಯಲ್ಲಿ ಬರೆದುಕೊಂಡಿದ್ದಳು. ಅವಳು ಚಾಚಿದ ಓಢಣಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಕರಡಿಗಿ ಇಲ್ರಿ ಆಯಿ. ನಾ ಲಿಂಗವಂತರಾಕಿ ಅಲ್ಲ. ನಮ್ಮದು ಯೇಸುವಿನ ಮನಿತನ."

ಹುಟ್ಟಿದ ಎಂಬತ್ತನೆಯ ದಿನ ತಲೆಗೆ ನೀರು ಹಾಕಿ, ಗುಡಿಯ ಗುರುವಾದ ಅಪ್ಪನೇ ಇದನ್ನು ಕಟ್ಟಿದನೆಂದೂ, ಅಂದಿನಿಂದ ಕೊರಳು ಬರಿದಾಗಿಲ್ಲವೆಂದೂ ಹೇಳಿದಳು. ಲಕ್ಕವ್ವನ ಕೈಯಲ್ಲಿ ಮೊರ ನಿಂತುಹೋಯಿತು. ಸಿಟ್ಟು ಬರಬೇಕಿತ್ತು, ಬಂದದ್ದು ಇನ್ನೊಂದು ಪ್ರಶ್ನೆ.

"ಮತ್ತ ಆ ದಾರಕ್ಕ ಏನ್ ಕಟ್ಟೀರಿ?"

"ಏನೂ ಇಲ್ರಿ. ಆ ದಾರಕ್ಕ ಕಟ್ಟಿದ್ದು ನನ್ನ."

"ಸುರುವು ಗಡಿಗ್ಯಾಗ," ಪಡಸಾಲೆಯಿಂದ ರಾಚಪ್ಪನ ದನಿ ಬಂತು. "ನಮ್ಮವ್ವ ಇದ್ದಿದ್ರ ಮೊರಾನ ಮುಟ್ಟಿಸ್ತಿದ್ದಿಲ್ಲ."

ಸೆಬ್ಲೆ ತಲೆಯಾಡಿಸಿ ವಹಿಯನ್ನು ಚೀಲಕ್ಕೆ ಸೇರಿಸಿದಳು. ಏಳುವ ಮೊದಲು, ಯಾವ ಕುಹಕವೂ ಇಲ್ಲದೆ, ತಿಳಿಯುವ ಆಸೆಯಿಂದಷ್ಟೇ ಕೇಳಿದಳು.

"ನಿಮ್ದು ಎಲ್ಲೈತ್ರಿ ಆಯಿ? ನಿಮ್ಮ ಕೊರಳಾಗ ನಾ ಕಂಡೇ ಇಲ್ಲ."

ಲಕ್ಕವ್ವನ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ತಾಳಿಯ ಗುಂಡುಗಳಷ್ಟೇ ಇದ್ದವು. ಎರಡು ವರ್ಷದ ಹಿಂದೆ ಕಳೆ ತೆಗೆಯುವಾಗ ದಾರ ಹರಿದಿತ್ತು. ಅಂದಿನಿಂದ ಲಿಂಗ ದೇವರ ಜಗಲಿಯ ಮೇಲಿತ್ತು, ಪೂಜೆಯ ಹೊತ್ತಿಗೆ ಅಂಗೈಗೆ ಬಂದು ಮತ್ತೆ ಅಲ್ಲಿಗೇ ಮರಳುತ್ತಿತ್ತು. ಲಚ್ಯಾಣದ ಮಠದಿಂದ ತಂದ ಹೊಸ ದಾರವೂ ಸುರುಳಿ ಬಿಚ್ಚದೆ ಅದರ ಪಕ್ಕದಲ್ಲೇ ಬಿದ್ದಿತ್ತು. ಈ ಎರಡು ವರ್ಷವೂ ಗಡಿಗೆ ತೆರೆದದ್ದು, ಮುಚ್ಚಿದ್ದು ಅವಳದೇ ಕೈ.

ಅವಳು ಎದ್ದು ಜಗಲಿಯಿಂದ ಆ ಸುರುಳಿಯನ್ನು ತಂದಳು. ಬಿಳಿಯ ಅರಿವೆಯೊಂದಕ್ಕೆ ಬೀಜ ಸುರಿದಳು, ಒಂದು ಬೊಗಸೆಯಲ್ಲ, ಎರಡು. ದಾರವನ್ನು ನಡುವೆ ಹಲ್ಲಿನಿಂದ ಕಡಿದು, ಒಂದು ತುಂಡಿನಿಂದ ಗಂಟಿನ ಬಾಯಿ ಬಿಗಿದು ಹುಡುಗಿಯ ಉಡಿಗೆ ಹಾಕಿದಳು.

"ದಾರ ಆತಲ್ಲ," ಎಂದಳು. ಪಡಸಾಲೆಯ ಗಂಡನಿಗೋ, ಎಂದೋ ಸತ್ತ ಅತ್ತೆಗೋ.

ಸೆಬ್ಲೆ ಹೊಸ್ತಿಲಲ್ಲಿ ನಿಂತು ಬಾಗಿಲ ಚೌಕಟ್ಟಿಗೆ ತುಟಿ ಮುಟ್ಟಿಸಿದಳು. ಅವರ ಕಡೆಯ ಪದ್ಧತಿ ಇರಬೇಕು. ಹೊರಟವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಬಿಸಿಲಿನ ಕೋಲು ಈಗ ಖಾಲಿ ನೆಲದ ಮೇಲಿತ್ತು. ಲಕ್ಕವ್ವ ಅದರೊಳಗೆ ನಿಂತು, ಉಳಿದ ಅರ್ಧ ದಾರವನ್ನು ತನ್ನ ಕೊರಳ ಸುತ್ತ ಹಿಡಿದು ನೋಡಿದಳು. ತುದಿಗಳೆರಡೂ ಕೂಡಿದವು. ಗಂಟು ಹಾಕಲು ಮಾತ್ರ ದಾರ ಉಳಿದಿರಲಿಲ್ಲ. ಹೊರಟವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.