‘ಬೇಕಾಗಬಹುದು’ ಫೋಲ್ಡರ್

ಗಂಗಲಕ್ಷ್ಮಿಯ ಫೋಟೊ ಅಪ್‌ಲೋಡ್ ಆಗುವ ಹೊತ್ತಿಗೆ ಬ್ರೌಸರ್ ಐದನೇ ಸಲ ತಾನಾಗಿ ಮುಚ್ಚಿಕೊಂಡಿತು. ಅಂಗನವಾಡಿ ಕೆಲಸದ ಅರ್ಜಿಗೆ ಸಂಜೆ ಐದು ಗಂಟೆಯೇ ಕೊನೆ, ಆಗಲೇ ನಾಲ್ಕೂವರೆ.

ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಉಮರ್ ಫಾರೂಖ್ ಹಣೆ ಚಚ್ಚಿಕೊಂಡ. “ಅಣ್ಣಯ್ಯನೋರೇ, ಡಿಸ್ಕಲ್ಲಿ ಒಂಚೂರೂ ಜಾಗ ಇಲ್ಲ, ಅದಕ್ಕೇ ಮುಚ್ಕೊಳ್ತಿದೆ. ಹೋದ ತಿಂಗ್ಳು ಟೆಂಪರರಿ ಫೈಲೆಲ್ಲ ಅಳಿಸಿದ್ನಲ್ಲಾ, ವಾಪಸ್ ಹೆಂಗ್ ಬಂದ್ವು?”

“ಕಸದ ಬುಟ್ಟೀಲಿದ್ವು, ಎತ್ತಿಟ್ಟೆ ಕಣಪ್ಪ,” ಎಂದರು ಅಣ್ಣಯ್ಯ. ತಿಪಟೂರಿನಲ್ಲಿ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿ, ಈಗ ಈ ಆನ್‌ಲೈನ್ ಅಂಗಡಿ ಇಟ್ಟವರು. “ಮಟ್ಟೆ ಎಸೀತೀವಾ? ನಾರಾಯ್ತದೆ. ಚಿಪ್ಪು ಎಸೀತೀವಾ? ಇದ್ದಿಲಾಯ್ತದೆ. ಇವೂ ಯಾವ್ದಕ್ಕಾದ್ರೂ ಆಯ್ತವೆ ಬುಡು.” ‘ಬೇಕಾಗಬಹುದು’ ಎಂಬ ಫೋಲ್ಡರಿನಲ್ಲಿ ಅರವತ್ತು ಸಾವಿರ ಫೈಲುಗಳು ಬೆಚ್ಚಗೆ ಮಲಗಿದ್ದವು. ಡಿಲೀಟ್ ಒತ್ತಲು ಹೋದ ಉಮರನ ಕೈಯನ್ನು ಅಣ್ಣಯ್ಯ ಗಟ್ಟಿಯಾಗಿ ಹಿಡಿದುಕೊಂಡರು.

ಗಂಗಲಕ್ಷ್ಮಿ ಕೇಳಿದಳು: “ಬೂಷ್ಟು ಹಿಡಿದ ಕೊಬ್ರೀನ ಚೀಲದಲ್ಲೇ ಬಿಡ್ತಿದ್ರಾ, ಅಣ್ಣಯ್ಯನೋರೇ?”

“ಥೂ, ಇಡೀ ಚೀಲಾನೇ ಕೆಟ್ಟೋಯ್ತದೆ!” ಎಂದ ಅಣ್ಣಯ್ಯನ ಹಿಡಿತ ಆ ಮಾತಿನ ಜೊತೆಗೇ ಸಡಿಲವಾಯಿತು. ಉಮರನ ಕೈ ಸರಿಸಿ ಡಿಲೀಟನ್ನು ತಾವೇ ಒತ್ತಿದರು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. “ಇನ್ನೇನ್ ನೋಡ್ತಾ ಕೂತಿದ್ದೀಯ? ಆಯಮ್ಮನ ಫೋಟೊ ಹಾಕಪ್ಪಾ!”

ಫೋಟೊ ಏರಿ ಅರ್ಜಿ ಸಲ್ಲಿಕೆಯಾದಾಗ ಐದಕ್ಕೆ ಇನ್ನೂ ಎರಡು ನಿಮಿಷವಿತ್ತು.