ಸರದಿ ಪಟ್ಟಿ

ಸರದಿ ಪಟ್ಟಿಯ ತಲೆಯಲ್ಲಿ ಕಾವ್ಯಶ್ರೀಯ ಹೆಸರು ಕಂಡದ್ದೇ ಶಂಕರನ ಮೈ ಉರಿಯಿತು. ಅವಳು, ಶಂಕರ ಕೆಲಸಕ್ಕಿದ್ದ ಕಂಪ್ಯೂಟರ್ ಕೇಂದ್ರದ ಯಜಮಾನ ಸೋಮಶೇಖರನ ಮಗಳು.

1999ರ ಆ ಜೂನ್‌ನಲ್ಲಿ ಗುಂಡ್ಲುಪೇಟೆಯ ಈ ಕೇಂದ್ರ ಒಂದು ಉಚಿತ ಸೀಟು ಇಟ್ಟಿತ್ತು. ಮೊದಲು ಬಂದವರಿಗೆ ಸೀಟು. ಮೊದಲು ಬಂದವಳು ಶಿವರಂಜಿನಿ, ಹಂಗಳದಲ್ಲಿ ಕೂಲಿ ಮಾಡುವ ಮೂಗಮ್ಮನ ಮಗಳು. ಬೆಳಗಿನ ಮೊದಲ ಬಸ್ಸಿಗೆ ಬಂದು, ಬಾಗಿಲು ತೆಗೆಯುವ ಮುಂಚೆಯೇ ನಿಂತಿದ್ದಳು. ದುಡ್ಡು ಕೊಟ್ಟು ಕಲಿಯುವ ಮಾತೇ ಅವರ ಮನೆಯಲ್ಲಿರಲಿಲ್ಲ.

ಬಂದವರ ಹೆಸರನ್ನು ಬಂದ ಸರದಿಯಲ್ಲೇ ಕಂಪ್ಯೂಟರಿಗೆ ಹತ್ತಿಸಿದವನು ಶಂಕರ. ಕಾಗದದ ಅರ್ಜಿ ದಂಡ ಎಂದವನೂ ಅವನೇ. ನೋಟಿಸ್ ಬೋರ್ಡಿಗೆ ಅಕ್ಷರಕ್ರಮದ ಇನ್ನೊಂದು ಪಟ್ಟಿ ಬೇಕೆಂದಾಗ, ತಾನೇ ಬರೆದ ಪ್ರೋಗ್ರಾಮಿನಿಂದ ಅದನ್ನೂ ತೆಗೆದು ಅಂಟಿಸಿದ್ದ. ಮಾರನೆಯ ದಿನ ನೋಡಿದರೆ, ಸರದಿ ಪಟ್ಟಿಯಲ್ಲಿ ಶಿವರಂಜಿನಿ ಕಟ್ಟಕಡೆಗಿದ್ದಳು.

ಪಾಸ್‌ವರ್ಡ್ ಗೊತ್ತಿದ್ದುದು ಅವನಿಗೆ ಮತ್ತು ಸೋಮಶೇಖರನಿಗೆ, ಇಬ್ಬರಿಗೇ.

“ಕೂಲಿಯೋರ್ ಮಗ್ಳು ಅಂತ ಹಿಂದಕ್ ತಳ್ಬುಟ್ರಾ ಸಾ?” ಎಂದು ಶಂಕರ ಎಲ್ಲರೆದುರೇ ಕೇಳಿಬಿಟ್ಟ.

ಸೋಮಶೇಖರ ಬಿಳಿಚಿಕೊಂಡ. “ನಾನ್ ಮುಟ್ಟಿಲ್ಲ ಕಣಪ್ಪ. ಆ ಕಂಪ್ಯೂಟ್ರು ನೀನ್ ಹೇಳ್ದಂಗೇ ಕೇಳಾದು.”

ಅಷ್ಟು ಮೆತ್ತಗೆ ಮಾತಾಡಿದ್ದರಿಂದಲೇ ಶಂಕರನ ಅನುಮಾನ ಗಟ್ಟಿಯಾಯಿತು.

ಅಷ್ಟರಲ್ಲಿ ಮೂಗಮ್ಮ ಬಂದು, ಪುಟ್ಟಿಗೆ ಸೀಟು ಸಿಕ್ಕಿತೇ ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಪುಟ್ಟಿ ಎಂಬವಳು ಪಟ್ಟಿಯಲ್ಲೇ ಇಲ್ಲವೆಂದು ಶಂಕರ ಸಿಡುಕಿದ.

“ಮನೇಲಿ ಪುಟ್ಟಿ, ಇಸ್ಕೂಲಲ್ಲಿ ಶಿವರಂಜಿನಿ. ಯಾವ ಹೆಸ್ರಲ್ ಕೂಗುದ್ರೂ ಬರಾದು ಅವಳೊಬ್ಬಳೇ ಕಣಪ್ಪ.”

ಶಂಕರ ಅವಳಿಗೆ ನಡೆದದ್ದನ್ನು ಹೇಳಿದ. ಮಗಳ ಹೆಸರನ್ನು ಹಿಂದಕ್ಕೆ ತಳ್ಳಿದವನನ್ನು ಸಂಜೆಯೊಳಗೆ ಸಾಕ್ಷಿ ಸಮೇತ ಹಿಡಿದುಕೊಡುತ್ತೇನೆಂದು ಮಾತು ಕೊಟ್ಟ.

ಒಳಗೆ ಹೋಗಿ ಚಿಲಕ ಹಾಕಿಕೊಂಡ. ಪಾಸ್‌ವರ್ಡ್ ಬದಲಿಸಿದ. ಶಿವರಂಜಿನಿಯನ್ನು ಮೊದಲಿಟ್ಟು ಸರದಿ ಪಟ್ಟಿಯನ್ನು ಹೊಸದಾಗಿ ಕೂಡಿಸಿದ. ಸೋಮಶೇಖರ ಮತ್ತೆ ಕೈಯಾಡಿಸಲಿ ನೋಡೋಣವೆಂದು, ಎಲ್ಲವನ್ನೂ ಮೊದಲಿನಂತೆಯೇ ಮಾಡುತ್ತಾ ಬೋರ್ಡಿನ ಪಟ್ಟಿಯನ್ನೂ ಇನ್ನೊಮ್ಮೆ ತೆಗೆದ. ಕುರ್ಚಿ ಬಿಟ್ಟು ಏಳಲೇ ಇಲ್ಲ. ಒಮ್ಮೆ ನೋಡಿಬಿಡೋಣವೆಂದು ಸರದಿ ಪಟ್ಟಿ ತೆರೆದ.

ಕಾವ್ಯಶ್ರೀ, ಕುಮಾರಿ, ಮಲ್ಲಾಜಮ್ಮ. ಶಿವರಂಜಿನಿ ಕಟ್ಟಕಡೆಗೆ.

ಕೋಣೆಯಲ್ಲಿ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ತನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದ. ಒಂದು ಕಡೆ, ಸರದಿ ಪಟ್ಟಿಯ ಪ್ರತಿ ತೆಗೆಯಲೆಂದು ಅವನೇ ಬರೆದ ‘ಬೋರ್ಡ್‌ಪಟ್ಟಿ = ಸರದಿಪಟ್ಟಿ’ ಎಂಬ ಸಾಲಿತ್ತು. ಅದರ ಕೆಳಗೆ, ಬೋರ್ಡ್‌ಪಟ್ಟಿಯನ್ನು ಅಕ್ಷರಕ್ರಮಕ್ಕೆ ಜೋಡಿಸು ಎಂಬ ಆಜ್ಞೆ. ಅಂಕಿಗಳನ್ನು ಅವನು ಎಷ್ಟೋ ಸಲ ಹೀಗೇ ಪ್ರತಿ ಮಾಡಿದ್ದ. ಒಂದನ್ನು ತಿದ್ದಿದರೆ ಇನ್ನೊಂದು ಹಾಗೇ ಉಳಿಯುತ್ತಿತ್ತು. ಪಟ್ಟಿಗೂ ಹಾಗೇ ಎಂದುಕೊಂಡಿದ್ದ. ಮೂಗಮ್ಮನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು.

ಎರಡನೇ ಪಟ್ಟಿ ಎಂಬುದೇ ಇರಲಿಲ್ಲ. ಇದ್ದ ಒಂದೇ ಪಟ್ಟಿಗೆ ಇನ್ನೊಂದು ಹೆಸರಿಟ್ಟು, ಅವಳ ಮಗಳನ್ನು ಕಡೆಗೆ ತಳ್ಳಿದವನು ಶಂಕರನೇ.